ಬಾಲಮ್ಮ ಕೀಳದೆ ಬಿಟ್ಟ ಕಳೆ

ನಾನು ತೆಗೆದ ಒಂದು ಫೋಟೋದಿಂದ ಕಳೆದ ತಿಂಗಳು ಒಬ್ಬ ಹೆಂಗಸಿನ ಕೆಲಸ ಹೋಗುವುದರಲ್ಲಿತ್ತು.

ಫೋಟೋದಲ್ಲಿ ಸುಳ್ಳೇನೂ ಇರಲಿಲ್ಲ. ಹೈದರಾಬಾದಿನ ಮಿಯಾಪುರದ ನಮ್ಮ ಅಪಾರ್ಟ್‌ಮೆಂಟಿನ ಪೂರ್ವದ ಕಾಂಪೌಂಡ್ ಗೋಡೆ. ಅದರ ಬುಡದಲ್ಲಿ ಉದ್ದಕ್ಕೂ ಮೊಣಕಾಲೆತ್ತರದ ಗಿಡಗಂಟಿ. ಮೊದಲ ಮಳೆ ಬಿದ್ದು ಮೂರು ವಾರವಾಗಿತ್ತು. ಬೇರೆಲ್ಲ ಕಡೆ ಹುಲ್ಲುಹಾಸು ಆಗಷ್ಟೇ ಕ್ಷೌರ ಮಾಡಿಸಿಕೊಂಡು ಬಂದ ತಲೆಯಂತೆ ನೀಟಾಗಿತ್ತು. ಇಲ್ಲಿ ಮಾತ್ರ ಕಾಡು. ವಾಕಿಂಗ್‌ಗೆ ಹೊರಟವನು ನಿಂತೆ, ಕ್ಲಿಕ್ ಮಾಡಿದೆ, ನಿವಾಸಿಗಳ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದೆ. ಕೆಳಗೆ ಬರೆದೆ: ‘ಪೂರ್ವದ ಗೋಡೆಯ ಬದಿ ಕಳೆ ತೆಗೆಯದೆ ವಾರಗಳಾಗಿವೆ. ಮೆಂಟೆನೆನ್ಸ್ ಯಾರ ಹೊಣೆ?’

ಇಪ್ಪತ್ತೆಂಟು ವರ್ಷ ಸುದ್ದಿಮನೆಯ ಡೆಸ್ಕಿನಲ್ಲಿ ಕೂತವನ ಬರವಣಿಗೆ. ಉದ್ದವಿಲ್ಲ, ವಿಶೇಷಣವಿಲ್ಲ, ಕೊನೆಗೊಂದು ಪ್ರಶ್ನೆ. ಹತ್ತು ನಿಮಿಷದಲ್ಲಿ ಹೆಬ್ಬೆರಳುಗಳು ಸಾಲಾಗಿ ಮೇಲೆದ್ದವು. ಮನೆಗೆ ಬಂದು ಕಷಾಯ ಕುಡಿದು, ಪೇಪರ್ ಓದಿ, ಆಫೀಸಿಗೆ ಹೋದೆ. ಮರೆತೇಬಿಟ್ಟೆ.

ಎರಡು ದಿನ ಬಿಟ್ಟು, ಬುಧವಾರ, ಹೆಂಡತಿ ಸುನಂದಾ ರೊಟ್ಟಿ ಬಡಿಯುತ್ತಾ ಸುದ್ದಿ ಹೇಳಿದಳು.

“ಏನ್ರಿ, ಬಾಲಮ್ಮನ್ನ ತಗೀತಾರಂತ.”

ಬಾಲಮ್ಮ ನಮ್ಮ ಕಾಂಪ್ಲೆಕ್ಸಿನ ತೋಟದ ಕೆಲಸದಾಕೆ. ಐವತ್ತರ ಆಸುಪಾಸು. ಕೈಯಲ್ಲಿ ಸದಾ ಒಂದು ಕುಡುಗೋಲು. ಕಾಂಟ್ರ್ಯಾಕ್ಟರ್ ಕಡೆಯಿಂದ ನೇಮಕವಾಗಿ ನಾಲ್ಕು ವರ್ಷವಾಗಿದೆ.

“ಯಾಕಂತ?”

“ಯಾರೋ ಫೋಟೋ ಹೊಡದು ಗ್ರೂಪ್‌ನಾಗ ಹಾಕ್ಯಾರಂತ, ಕಸಾ ತಗ್ಯಾಂಗಿಲ್ಲ ಅಂತ. ಸೂಪರ್‌ವೈಸರ್ ಬಂದು ಬಾಯಿಗೆ ಬಂದಂಗ ಬೈದು ಹೋದನಂತ. ಒಂದನೇ ತಾರೀಖಿನಿಂದ ಬ್ಯಾರೇದವ್ರು ಬರ್ತಾರ. ಐತವಾರ ಮೀಟಿಂಗ್ ಐತೆಲ್ಲ, ಅದು ಮುಗದ ಮ್ಯಾಲೆ ಆ ಗ್ವಾಡಿ ಕಡೆ ಎಣ್ಣಿ ಹೊಡೀತಾರಂತ.”

(ಎಣ್ಣೆ ಎಂದರೆ ಕಳೆನಾಶಕ. ನಮ್ಮ ಕಡೆ ಹೊಲಕ್ಕೆ ಹೊಡೆಯುವ ವಿಷವೆಲ್ಲ ಎಣ್ಣೆಯೇ.)

“ಫೋಟೋ ಯಾರು ಹಾಕ್ಯಾರಂತ?” ಕೇಳಿದೆ. ಉತ್ತರ ಗೊತ್ತಿದ್ದೇ ಪ್ರಶ್ನೆ ಕೇಳುವುದು ನಮ್ಮ ವೃತ್ತಿಯ ಕೆಟ್ಟ ಚಟ.

“ಯಾರಿಗೆ ಗೊತ್ತು. ಯಾವನೋ ಕೆಲಸ ಇಲ್ದಾವ.”

ಗ್ರೂಪಿನಲ್ಲಿ ಒಂದು ಫ್ಲ್ಯಾಟಿಗೆ ಒಂದೇ ನಂಬರು. ನಮ್ಮ ಮನೆಯಿಂದ ಇರುವುದು ನನ್ನದು. ಅವಳಿಗೆ ತಿಳಿಯುವ ಸಂಭವ ಇರಲಿಲ್ಲ. ಆದರೂ ಹೇಳಿದೆ. ಬಡಿಯುತ್ತಿದ್ದ ರೊಟ್ಟಿಯನ್ನು ಅಲ್ಲೇ ಬಿಟ್ಟು ನನ್ನ ಕಡೆ ತಿರುಗಿದಳು.

“ನೀವಾ?”

“ಹೂಂ.”

“ದಿನಾ ಮುಂಜಾನೆದ್ದು ಕಷಾಯ ಕುಡೀತೀರಲ್ಲ. ಅದರಾಗಿನ ತುಂಬಿ ಎಲ್ಲಿಂದ ಬರ್ತೈತಿ ಅಂತ ಮಾಡೀರಿ? ಆನ್‌ಲೈನ್ ಬರ್ತೈತೇನು?”

ತುಂಬಿ ಎಂದರೆ ತುಂಬೆ ಸೊಪ್ಪು. ನಾನು ದೂರು ಕೊಟ್ಟು ಬಂದು ಕುಡಿದದ್ದು ಅದೇ ಕಳೆಯನ್ನು.

ಇನ್ನು ಸ್ವಲ್ಪ ವಿಚಾರಣೆ ಮಾಡಿದ್ದಕ್ಕೆ ಗೊತ್ತಾಯಿತು: ಆ ಗೋಡೆಯ ಬದಿಗೆ ನಮ್ಮ ಮನೆಯೊಂದೇ ಗಿರಾಕಿಯಲ್ಲ. ನಾಲ್ಕೂ ಬ್ಲಾಕುಗಳ ಹೆಂಗಸರು ಬಾಲಮ್ಮನಿಂದ ಸೊಪ್ಪು ಒಯ್ಯುತ್ತಾರೆ. ಗಂಡಸರಿಗೆ ಸುದ್ದಿಯಿಲ್ಲ. ಒಂದು ಕಾಂಪ್ಲೆಕ್ಸಿನ ಅರ್ಧ ಜನಕ್ಕೆ ಗೊತ್ತಿದ್ದ ವಿಷಯ ಅಲ್ಲೇ ವಾಸವಿರುವ ಪತ್ರಕರ್ತನಿಗೆ ಗೊತ್ತಿರಲಿಲ್ಲ. ಇದಕ್ಕೆ ನಮ್ಮ ಭಾಷೆಯಲ್ಲಿ ‘ಸುದ್ದಿ ಮಿಸ್ ಆಗಿದೆ’ ಎನ್ನುತ್ತಾರೆ.

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು. ಒಬ್ಬರ ಮೇಲೆ ದೂರು ಬಂದರೆ, ಅವರ ಮಾತು ಕೇಳದೆ ಅಚ್ಚಿಗೆ ಕಳಿಸಬಾರದು. ಈ ಪಾಠವನ್ನು ಎಷ್ಟು ಟ್ರೇನಿಗಳಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಆಫೀಸಿನಲ್ಲಿ ಪಾಲಿಸುವ ನಿಯಮ ಮೊಬೈಲ್ ಕೈಗೆ ಬಂದ ಕೂಡಲೇ ಎಲ್ಲಿ ಹೋಗುತ್ತದೆ? ವಾಟ್ಸ್‌ಆ್ಯಪ್‌ಗೆ ಸಂಪಾದಕರಿಲ್ಲ ಎಂದು ಭಾಷಣ ಮಾಡಿದವನು ನಾನೇ.

ಭಾನುವಾರದ ಮೀಟಿಂಗಿಗೆ ನಾಲ್ಕು ದಿನ ಇತ್ತು.

ಗುರುವಾರ ಬೆಳಿಗ್ಗೆ ಗೋಡೆಯ ಹತ್ತಿರ ಹೋದೆ. ಬಾಲಮ್ಮ ಕುಕ್ಕರಗಾಲಲ್ಲಿ ಕೂತು ಏನೋ ಕೀಳುತ್ತಿದ್ದಳು. ನನ್ನ ಮುರುಕು ತೆಲುಗಿನಲ್ಲಿ ಶುರು ಮಾಡಿದೆ: “ಬಾಲಮ್ಮಾ, ಆ ಫೋಟೋ... ನೇನು...”

ಆಕೆ ತಲೆ ಎತ್ತಲಿಲ್ಲ. “ಕನ್ನಡದಾಗ ಹೇಳ್ರಿ ಸಾರ್. ನಿಮ್ಮ ತೆಲುಗು ಕೇಳಿದ್ರ ನನಗ ಬರೋದೂ ಮರ್ತು ಹೋಗ್ತೈತಿ.”

ಗಡಿಯ ನಾರಾಯಣಪೇಟೆ ಕಡೆಯವಳು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು. ನಾಲ್ಕು ವರ್ಷ ದಿನಾ ಎದುರು ಸಿಗುತ್ತಿದ್ದರೂ ನನಗೆ ಗೊತ್ತಿರಲಿಲ್ಲ.

“ಕನ್ನಡ ಬರ್ತದಂತ ಹೇಳಬಾರದಿತ್ತೇನು?”

“ನೀವು ಕೇಳಬೇಕಿಲ್ಲೇನ್ರಿ?”

ಫೋಟೋ ಹಾಕಿದ್ದು ನಾನೇ ಎಂದೆ.

“ಗೊತ್ತೈತ್ರಿ. ಸೂಪರ್‌ವೈಸರ್ ತೋರ್ಸಿದ. ಗ್ವಾಡಿ ಮ್ಯಾಲೆ ನೆರಳು ಬಿದ್ದೈತಿ, ನಿಮ್ಮ ಟೊಪ್ಪಿಗಿ ಸಮೇತ.”

“ಮತ್ತ ಸುನಂದಾಗ ಯಾಕ ಹೇಳ್ಲಿಲ್ಲ?”

“ಅಕ್ಕಾರ ಮನ್ಯಾಗ ಜಗಳ ಹಚ್ಚಲೇನು? ನನ್ನ ಕೆಲಸ ಹೋದ್ರ ಹೋತು.”

ಹೋದರೆ ಹೋಯಿತು ಎಂದಳಾದರೂ ಕುಡುಗೋಲು ಮಣ್ಣಿಗೆ ಬೇಕಾದ್ದಕ್ಕಿಂತ ಜೋರಾಗಿ ಬಿತ್ತು. ಗಂಡನಿಲ್ಲ. ಜೀಡಿಮೆಟ್ಲಾದಲ್ಲಿ ಒಂದು ಕೋಣೆಯ ಬಾಡಿಗೆ ಮನೆ, ಓದುವ ಮಗಳು. ಎರಡು ಬಸ್ ಬದಲಾಯಿಸಿ ಏಳು ಗಂಟೆಗೆ ಇಲ್ಲಿರುತ್ತಾಳೆ. ಈ ವಯಸ್ಸಿನಲ್ಲಿ ಇನ್ನೊಂದು ಕಡೆ ಕೆಲಸ ಸುಲಭಕ್ಕೆ ಸಿಗುವುದಿಲ್ಲ.

ಕ್ಷಮೆ ಕೇಳಿದೆ. ನಂತರ ನನಗೆ ಗೊತ್ತಿರುವ ಒಂದೇ ಕೆಲಸ ಮಾಡಿದೆ. ಜೇಬಿನಿಂದ ನೋಟ್‌ಬುಕ್ ತೆಗೆದು, “ಇದೇನು, ಹೇಳು” ಎಂದು ಪಕ್ಕದಲ್ಲಿ ಕೂತೆ.

“ಇದು ತುಂಬಿ, ನೆಗಡಿಗೆ. ಇದು ಉತ್ತರಾಣಿ, ಕಡ್ಡೀಲೆ ಹಲ್ಲು ತಿಕ್ಕೋದು. ನಿಮ್ಮ ಪ್ಯಾಂಟಿಗೆ ಹತ್ಯಾವಲ್ಲ, ಇದರವೇ ಮುಳ್ಳು. ಇದು ಗರಗ, ಎಣ್ಣ್ಯಾಗ ಕಾಸಿ ತಲಿಗೆ ಹಚ್ಚೋದು. ಆ ಮೂಲ್ಯಾಗಿಂದು ಲಕ್ಕಿ. ತಪ್ಲ ಕುದಿಸಿ ಬಾಣಂತಿ ನೀರಿಗೆ ಹಾಕ್ತಾರ. ಬಿ ಬ್ಲಾಕಿನ ಪಂಜಾಬಿ ಅಮ್ಮಾರ ಮಗಳ ಬಾಣಂತನಕ್ಕ ನಾನೇ ಕೊಟ್ಟೀನಿ.”

ಹೀಗೆ ಹನ್ನೊಂದು. ಇಪ್ಪತ್ತು ಹೆಜ್ಜೆ ಉದ್ದದ ಗೋಡೆಯ ಬುಡದಲ್ಲಿ ಹನ್ನೊಂದು ಗಿಡ. ನಾನು ಅವುಗಳಿಗೆಲ್ಲ ಸೇರಿಸಿ ಒಂದೇ ಹೆಸರಿಟ್ಟಿದ್ದೆ.

ನಾನು ಕೊಪ್ಪಳದ ಕಡೆಯವನು. ಇವುಗಳಲ್ಲಿ ನಾಲ್ಕೈದನ್ನು ಚಿಕ್ಕಂದಿನಲ್ಲಿ ನೋಡಿದ್ದೆ, ಹೆಸರೂ ಕೇಳಿದ್ದೆ. ಅವು ಊರಿನವು, ಊರಿನಲ್ಲೇ ಉಳಿದವು ಎಂದುಕೊಂಡಿದ್ದೆ. ಎಲ್ಲಿಗೂ ಹೋಗಿಲ್ಲ. ತುಂಬೆ ಇಲ್ಲಿ ತುಮ್ಮಿ. ಉತ್ತರಾಣಿ ಇಲ್ಲಿ ಉತ್ತರೇಣಿ. ತಂಗಡಿ ಇಲ್ಲಿ ತಂಗೇಡು, ಬತುಕಮ್ಮ ಹಬ್ಬದ ತಟ್ಟೆಯಲ್ಲಿ ಹಳದಿ ಹೂವಾಗಿ ಕೂರುತ್ತದೆ. ಕೊಪ್ಪಳದಿಂದ ಮಿಯಾಪುರದವರೆಗೆ ಒಂದೇ ಪ್ರಸ್ಥಭೂಮಿ, ಅದೇ ಕಲ್ಲು, ಅದೇ ಬಿಸಿಲು. ನಿಜಕ್ಕೂ ಹೊರಗಿನಿಂದ ಬಂದದ್ದು ಯಾವುದು? ನಾವು ಮುದ್ದಿನಿಂದ ನೀರು ಕುಡಿಸುವ ಹುಲ್ಲುಹಾಸು. ಅದು ಲಾರಿಯಲ್ಲಿ ಬಂದು ಇಳಿದಿದ್ದನ್ನು ನಾನೇ ನೋಡಿದ್ದೇನೆ. ಇಲ್ಲಿಯವರನ್ನು ಕಿತ್ತು ಹಾಕಿ ಅದಕ್ಕೆ ಜಾಗ ಮಾಡಿಕೊಡುವುದಕ್ಕೆ ನಾವು ಇಟ್ಟ ಹೆಸರು ಮೆಂಟೆನೆನ್ಸ್.

ಬಾಲಮ್ಮ ಏನನ್ನೂ ಕೀಳುವುದಿಲ್ಲ ಎಂದಲ್ಲ. ಎದುರಿಗೇ ಬಿಳಿ ಚುಕ್ಕೆ ಹೂವಿನ ಪಾರ್ಥೇನಿಯಂ ಕಿತ್ತು ರಾಶಿ ಹಾಕುತ್ತಿದ್ದಳು. (ತೆಲುಗಿನವರು ಇದನ್ನು ವಯ್ಯಾರಿ ಭಾಮ ಎನ್ನುತ್ತಾರೆ. ವಯ್ಯಾರ ನೋಡಿ ಮುಟ್ಟಿದರೆ ಮೈಯೆಲ್ಲ ತುರಿಕೆ.) ಕಾರ್ ನಿಲ್ಲುವ ಕಡೆ, ಮೋರಿಯ ಬದಿ, ನಾಯಿಗಳನ್ನು ತಿರುಗಾಡಿಸುವ ಕಡೆ ಬೆಳೆದದ್ದನ್ನೂ ಬಿಡುವುದಿಲ್ಲ, ಅದು ತುಂಬೆಯೇ ಇರಲಿ. ಈ ಗೋಡೆಯ ಬುಡವೊಂದನ್ನು ಮಾತ್ರ ಬಿಟ್ಟಿದ್ದಾಳೆ.

“ಇಲ್ಲೇ ಯಾಕ?”

“ಇಲ್ಲಿ ನೀರು ಮಳೀದು ಅಷ್ಟ. ನಾನಿರೋದು ಜೀಡಿಮೆಟ್ಲಾದಾಗ. ಸುತ್ತ ಕಾರ್ಖಾನಿ. ಅಲ್ಲೂ ತುಂಬಿ ಬೆಳೀತೈತಿ, ಇದಕ್ಕಿಂತ ದಪ್ಪ. ನಾ ಮುಟ್ಟಂಗಿಲ್ಲ. ಬರೇ ಗಿಡ ನೋಡಿದ್ರ ಆಗಂಗಿಲ್ರಿ. ಅದು ಏನು ಕುಡದು ಬೆಳದೈತಿ ಅದನ್ನ ನೋಡಬೇಕು.”

ಇನ್ನೊಂದು ನಿಯಮ ಹೇಳಿದಳು. ಮೊದಲು ಕಣ್ಣಿಗೆ ಬಿದ್ದ ಗಿಡವನ್ನು ಕೀಳಬಾರದು. ಅದೊಂದೇ ಇದ್ದರೆ? ಎರಡನೆಯದು ಸಿಕ್ಕ ಮೇಲೆ ಅದರಿಂದ ತೆಗೆದುಕೊಳ್ಳಬೇಕು, ಬೇರು ಬಿಟ್ಟು.

ನೆಲನೆಲ್ಲಿಯ ಹತ್ತಿರ ಬಂದಾಗ ಕಾಮಾಲೆಯ ನೆನಪಾಗಿ ಕೇಳಿದೆ, “ಇದು ಕಾಮಣಿಗೆ ಛಲೋ ಅಂತಾರಲ್ಲ?”

“ಅಂತಾರ. ಕಾಮಣಿ ಆದ್ರ ನಾ ಕೊಡಂಗಿಲ್ಲ. ರಕ್ತ ತೋರಸ್ರಿ, ದವಾಖಾನಿಗೆ ಹೋಗ್ರಿ ಅಂತೀನಿ. ಶುಗರ್ ಗುಳಿಗಿ ನುಂಗೋರಿಗೂ ಹೊಟ್ಟಿಗೆ ಏನೂ ಕೊಡಂಗಿಲ್ಲ. ಎರಡೂ ಕೂಡಿ ಒಳಗ ಏನು ಮಾಡ್ತಾವೋ ನನಗ ಗೊತ್ತಿಲ್ರಿ.”

ನನಗೆ ಗೊತ್ತಿಲ್ಲ ಎನ್ನುವ ಮೂಲವನ್ನು ನಂಬಬಹುದು. ಇದು ಸುದ್ದಿಮನೆಯಲ್ಲಿ ಕಲಿತದ್ದು. ಎಲ್ಲ ರೋಗಕ್ಕೂ ಒಂದು ಎಲೆ ಹೇಳುವವರ ವಿಡಿಯೋಗಳು ದಿನಕ್ಕೆ ಹತ್ತು ಬರುತ್ತವೆ. ಅವರಲ್ಲಿ ಒಬ್ಬರಾದರೂ ‘ಇದು ನನಗೆ ಗೊತ್ತಿಲ್ಲ’ ಎಂದದ್ದನ್ನು ಕೇಳಿದ್ದೀರಾ?

ಹಾಗೆಂದು ಒಂದೇ ಮೂಲದ ಮೇಲೆ ಬರೆಯಲಾಗದು. ಬಾಲಮ್ಮನನ್ನೇ ಕೇಳಿ ಒಂದೊಂದು ಟೊಂಗೆ ತೆಗೆದುಕೊಂಡು, ಪೇಪರಿನಲ್ಲಿ ಸುತ್ತಿ, ಶುಕ್ರವಾರ ಮೆಹದಿಪಟ್ಟಣಂನಲ್ಲಿರುವ ಪರಿಚಯದ ನಿವೃತ್ತ ಸಸ್ಯಶಾಸ್ತ್ರ ಉಪನ್ಯಾಸಕಿಯ ಮನೆಗೆ ಒಯ್ದೆ. ಡೈನಿಂಗ್ ಟೇಬಲ್ ಮೇಲೆ ಹರಡಿದೆ. ಅವರು ಕನ್ನಡಕ ಏರಿಸಿ ಒಂದೊಂದನ್ನೇ ತಿರುಗಿಸಿ ನೋಡಿದರು. ಹತ್ತು ಸರಿ. ಹನ್ನೊಂದನೆಯದನ್ನು ಬಾಲಮ್ಮ ‘ಅವ್ವನ ಸೊಪ್ಪು’ ಎನ್ನುತ್ತಾಳೆ. ತಾಯಿ ತೋರಿಸಿಕೊಟ್ಟದ್ದು, ಒಡೆದ ಹಿಮ್ಮಡಿಗೆ ಅರೆದು ಹಚ್ಚುವುದು.

“ಇದು ನನಗೂ ಗೊತ್ತಾಗುತ್ತಿಲ್ಲ” ಎಂದರು ಉಪನ್ಯಾಸಕಿ. “ಹೂ ಬಿಟ್ಟಾಗ ತನ್ನಿ. ಅಥವಾ ಅವರನ್ನೇ ಕರೆತನ್ನಿ. ಅದು ಇನ್ನೂ ಒಳ್ಳೆಯದು.”

ಇಷ್ಟಾದ ಮೇಲೆ ತಿದ್ದುಪಡಿ ಪ್ರಕಟಿಸಬೇಕಲ್ಲ? ತಪ್ಪು ಎಲ್ಲಿ ಅಚ್ಚಾಗಿದೆಯೋ ತಿದ್ದುಪಡಿಯೂ ಅಲ್ಲೇ ಅಚ್ಚಾಗಬೇಕು. ಶುಕ್ರವಾರ ಸಂಜೆ ಅದೇ ಗ್ರೂಪಿಗೆ ಅದೇ ಗೋಡೆಯ ಫೋಟೋ ಹಾಕಿದೆ. ಗಿಡಗಳ ಮೇಲೆ ಒಂದರಿಂದ ಹನ್ನೊಂದು ನಂಬರು. ಕೆಳಗೆ ಹೆಸರು, ಗುರುತು, ಉಪಯೋಗ. ‘ನನ್ನ ದೂರು ತಪ್ಪಾಗಿತ್ತು. ಇದು ಕಳೆಯಲ್ಲ, ಬಾಲಮ್ಮ ಕಾಪಾಡಿಕೊಂಡು ಬಂದ ಔಷಧಿ ಗಿಡಗಳು.’ ಈ ಸಲ ಹೆಬ್ಬೆರಳುಗಳ ಜೊತೆ ಚಪ್ಪಾಳೆಗಳೂ ಬಂದವು. ನಿರಾಳವಾಗಿ ಊಟ ಮಾಡಿದೆ.

ಶನಿವಾರ ಬೆಳಿಗ್ಗೆ ಇಂಟರ್‌ಕಾಮ್ ಹೊಡೆದುಕೊಂಡಿತು. ಬಾಲಮ್ಮ. “ಸಾರ್, ಜರಾ ಕೆಳಗ ಬರ್ರಿ.”

ಹೋಗಿ ನೋಡಿದರೆ ಗೋಡೆ ಬೋಳು.

ಬೆಳಗಿನ ವಾಕಿಂಗ್‌ಗೆ ಬಂದವರೆಲ್ಲ ಪ್ಲಾಸ್ಟಿಕ್ ಕವರ್ ಹಿಡಿದು ಬಂದಿದ್ದರಂತೆ. ಒಬ್ಬರು ಮೊಬೈಲಿನಲ್ಲಿ ನನ್ನ ನಂಬರುಗಳನ್ನು ನೋಡಿ ನೋಡಿ ಕಿತ್ತರಂತೆ, ಬೇರು ಸಮೇತ. ಬೇರಿನಲ್ಲೇ ಶಕ್ತಿ ಜಾಸ್ತಿ ಎಂದು ಇನ್ನೊಬ್ಬರು ವಿವರಿಸಿದರಂತೆ. ತಡವಾಗಿ ಎದ್ದ ಸಿ ಬ್ಲಾಕಿನ ಎಂಜಿನಿಯರ್ ಒಬ್ಬರಿಗೆ ಏನೂ ಸಿಗಲಿಲ್ಲ. ಅವರು ಗೇಟಿನ ಆಚೆ ಹೋಗಿ ‘ಬಿಳಿ ಹೂವಿನ ಗಿಡ’ ಒಂದು ಕವರ್ ತುಂಬ ತಂದರು. ತುಂಬೆಯ ಗುರುತಿಗೆ ನಾನು ಬರೆದದ್ದು ಅಷ್ಟೇ: ಬಿಳಿ ಹೂ. ಅವರು ತಂದದ್ದು ಪಾರ್ಥೇನಿಯಂ. ಮಧ್ಯಾಹ್ನದ ಹೊತ್ತಿಗೆ ಎರಡೂ ಕೈ ಕೆಂಪಗೆ ದದ್ದು. ಪುಣ್ಯಕ್ಕೆ ಹೊಟ್ಟೆಗೆ ಹೋಗಿರಲಿಲ್ಲ, ಮುಲಾಮಿನಲ್ಲಿ ಮುಗಿಯಿತು. ಅರ್ಧ ವಾಕ್ಯದ ಸೋಮಾರಿತನ ಎಲ್ಲಿಗೆ ಮುಟ್ಟುತ್ತದೆ ನೋಡಿ.

ಬಾಲಮ್ಮ ಕುಡುಗೋಲು ಕಂಕುಳಲ್ಲಿ ಇರುಕಿಕೊಂಡು ನಿಂತಿದ್ದಳು.

“ನಿಮ್ಮ ಮೊದಲನೇ ಫೋಟೋಕ್ಕ ನಾಕು ದಿನಾರ ಉಳದಿದ್ದುವ್ರಿ. ಎರಡನೇದಕ್ಕ ಒಂದು ದಿನಾನೂ ಉಳೀಲಿಲ್ಲ.”

ನಾನು ಗಿಡಗಳ ಹೆಸರು ಪ್ರಕಟಿಸಿದ್ದೆ, ಉಪಯೋಗ ಪ್ರಕಟಿಸಿದ್ದೆ. ನಿಯಮಗಳನ್ನು ಬಿಟ್ಟಿದ್ದೆ. ಉದ್ದವಾಗುತ್ತದೆ, ಯಾರು ಓದುತ್ತಾರೆ ಎಂದು ಕತ್ತರಿಸಿದ್ದೆ. ಏನು ಕುಡಿದು ಬೆಳೆದಿದೆ ನೋಡಬೇಕು, ಮೊದಲನೆಯದನ್ನು ಕೀಳಬಾರದು, ಬೇರು ಬಿಡಬೇಕು, ಯಾರಿಗೆ ಕೊಡಬಾರದು. ವಿದ್ಯೆ ಇದ್ದದ್ದು ಅದರಲ್ಲೇ. ಉಳಿದದ್ದು ಬರೀ ಪಟ್ಟಿ.

ಭಾನುವಾರ ಹನ್ನೊಂದಕ್ಕೆ ಕ್ಲಬ್‌ಹೌಸಿನಲ್ಲಿ ಮೀಟಿಂಗ್. ಸೆಕ್ರೆಟರಿ ಸುಧಾಕರ್ ನಿವೃತ್ತ ಅಧಿಕಾರಿ, ಕೆಟ್ಟವರಲ್ಲ, ಕಡತ ಮುಗಿಸುವ ಆತುರದವರು. ಪೂರ್ವದ ಗೋಡೆಯ ವಿಷಯ ಬಂದ ಕೂಡಲೇ ನಕ್ಕರು. “ಅಂತಾ ಕ್ಲೀನ್ ಅಯಿಪೋಯಿಂದಿ ಕದಾ ಸಾರ್! ಸ್ಪ್ರೇ ಖರ್ಚೂ ಉಳೀತು.” ಎಲ್ಲ ಕ್ಲೀನ್ ಆಗಿಹೋಯಿತಲ್ಲ ಎಂದು ಅವರ ಖುಷಿ. ಹೈದರಾಬಾದಿನಲ್ಲಿ ಒಂದು ವಾಕ್ಯ ಶುರುವಾದ ಭಾಷೆಯಲ್ಲೇ ಮುಗಿಯಬೇಕೆಂದೇನೂ ಇಲ್ಲ.

ನಂತರ ಅವರ ಪ್ಲ್ಯಾನ್ ಹೊರಬಂತು. ನನ್ನ ಪೋಸ್ಟ್ ನೋಡಿ ಸ್ಫೂರ್ತಿಗೊಂಡಿದ್ದರು. ಅದೇ ಜಾಗದಲ್ಲಿ ಹರ್ಬಲ್ ಗಾರ್ಡನ್. ನರ್ಸರಿಯಿಂದ ಗಿಡ, ಸ್ಟೀಲಿನ ಹೆಸರು ಫಲಕ, ಎರಡು ಬೆಂಚು. ಮೊದಲ ಹಂತದಲ್ಲಿ ನೆಲ ಪೂರ್ತಿ ಅಗೆದು, ಉಳಿದ ಬೇರುಗಳನ್ನೆಲ್ಲ ತೆಗೆದು, ಹೊಸ ಮಣ್ಣು. ಹೊಸ ಕಾಂಟ್ರ್ಯಾಕ್ಟ್ ಮಾಲಿಯೇ ಅದನ್ನೂ ನೋಡಿಕೊಳ್ಳುತ್ತಾನೆ.

ಔಷಧಿ ವನ ಮಾಡಲು ಔಷಧಿ ಗಿಡಗಳ ಬೇರು ಕೀಳಬೇಕು. ಜೊತೆಗೆ ಅವುಗಳನ್ನು ಬಲ್ಲವಳನ್ನೂ!

ಎದ್ದು ನಿಂತೆ. ದೂರು ನನ್ನದು, ಎದುರಿನವರ ಮಾತು ಕೇಳದೆ ಕೊಟ್ಟದ್ದು, ಅದನ್ನು ದಾಖಲೆಯಿಂದ ಹಿಂತೆಗೆದುಕೊಳ್ಳುತ್ತಿದ್ದೇನೆ ಎಂದೆ. ಆ ದೂರಿನ ಮೇಲೆ ಒಬ್ಬರ ಕೆಲಸ ಹೋಗುವುದಾದರೆ ನನ್ನ ಹೆಸರನ್ನೂ ಮಿನಿಟ್ಸ್‌ನಲ್ಲಿ ಬರೆಯಿರಿ ಎಂದೆ. ಸುಧಾಕರ್ ಗಡಿಯಾರ ನೋಡಿದರು. “ಸಾರ್, ದೂರು ಇಚ್ಚಿಂದಿ ಮೀರೇ, ಬೇಡ ಅನ್ನೋದೂ ಮೀರೇನಾ?” ಕೊಟ್ಟವರೂ ನೀವೇ, ಬೇಡ ಎನ್ನುವವರೂ ನೀವೇನಾ ಎಂದು.

ಹಿಂದಿನ ಸಾಲಿನಿಂದ ಸುನಂದಾಳ ದನಿ ಬಂತು, ಅಪ್ಪಟ ಇಲ್ಲಿಯ ಹಿಂದಿಯಲ್ಲಿ: “ಭಾಯಿಸಾಬ್, ಆಪ್ಕೇ ಮಿಸೆಸ್ ಘುಟ್ನೋಂ ಕೆ ವಾಸ್ತೆ ಪತ್ತೇ ಲೇಕೆ ಗಯೇ ನಾ, ಓ ಕೌನ್ಸೀ ನರ್ಸರೀ ಕೆ?” ನಿಮ್ಮ ಹೆಂಡತಿ ಮೊಣಕಾಲು ನೋವಿಗೆ ಒಯ್ದ ಎಲೆ ಯಾವ ನರ್ಸರಿಯದು ಎಂದು ಪ್ರಶ್ನೆ.

ಹಿಂದೆ ಕೂತ ಹೆಂಗಸರೆಲ್ಲ ನಕ್ಕರು. ಸೆಕ್ರೆಟರಿಯ ಮಿಸೆಸ್ ಎಲ್ಲರಿಗಿಂತ ಜೋರಾಗಿ ನಕ್ಕರು. ಬಿ ಬ್ಲಾಕಿನ ಪಂಜಾಬಿ ಅಮ್ಮ ಎದ್ದು, ಬಾಲಮ್ಮ ಹೋದರೆ ಮೆಂಟೆನೆನ್ಸ್ ಚೆಕ್ಕಿಗೆ ಸಹಿ ಹಾಕುವವರು ಯಾರು ನೋಡೋಣ ಎಂದರು. ನನ್ನ ಭಾಷಣ ಮಾಡದ ಕೆಲಸ ಎರಡು ನಿಮಿಷದಲ್ಲಿ ಆಯಿತು.

ಬಾಲಮ್ಮನನ್ನು ಕರೆಸಿದರು. ಬಾಗಿಲಲ್ಲೇ ನಿಂತಳು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಈಗೇನು ಮಾಡಬೇಕು ಹೇಳು ಎಂದರು ಸುಧಾಕರ್. ನಾಲ್ಕು ವರ್ಷದಲ್ಲಿ ಆಕೆಯನ್ನು ಯಾರಾದರೂ ಹಾಗೆ ಕೇಳಿದ್ದು ಅದೇ ಮೊದಲು ಇರಬೇಕು. ತೆಲುಗಿನಲ್ಲಿ, ಒಂದೊಂದೇ ಮಾತಾಗಿ ಹೇಳಿದಳು: ನೆಲ ಅಗೆಯಬೇಡಿ. ಬೀಜ ಉದುರಿದೆ, ಕೆಲವು ಬೇರೂ ಉಳಿದಿವೆ. ಇನ್ನೆರಡು ಮಳೆ ಬಿದ್ದರೆ ಬರುತ್ತವೆ. ಅಲ್ಲಿಯವರೆಗೆ ಯಾರೂ ಮುಟ್ಟಬೇಡಿ. ಬಂದ ಮೇಲೆ ಬೇಕಾದವರು ನನ್ನನ್ನು ಕೇಳಿ ತೆಗೆದುಕೊಳ್ಳಿ.

ಅಷ್ಟೇ. ಮಿನಿಟ್ಸ್‌ನಲ್ಲಿ ಅದೇ ಮಾತು ಬರೆದುಕೊಂಡರು. ಸ್ಪ್ರೇ ರದ್ದು. ಬೆಂಚು ಮುಂದಿನ ವರ್ಷ. ಬಾಲಮ್ಮ ಒಂದನೇ ತಾರೀಖಿನ ನಂತರವೂ ಇರುತ್ತಾಳೆ ಎಂದು ಕಾಂಟ್ರ್ಯಾಕ್ಟರ್‌ಗೆ ಪತ್ರ. ಈ ಬರಹ ಬರೆಯುವ ಹೊತ್ತಿಗೆ ಒಂದು ಮಳೆ ಬಿದ್ದಿದೆ. ಗೋಡೆಯ ಬುಡದಲ್ಲಿ ಬೆರಳುದ್ದದ ಹಸಿರಿದೆ. ಅದರಲ್ಲಿ ಮೂರನ್ನು ನಾನೇ ಗುರುತಿಸಿದೆ, ಕಾಲು ದೂರವಿಟ್ಟು. ಒಂದನ್ನು ಬಾಲಮ್ಮ ತಪ್ಪು ಎಂದಳು.

ಪತ್ರದ ಕರಡು ಮಾಡಿಕೊಡುವ ಶಿಕ್ಷೆ ನನಗೇ ಬಿತ್ತು. ಹುದ್ದೆಯ ವಿವರ ಬೇಕಿತ್ತು. ಸುಧಾಕರ್ ಕಾಂಟ್ರ್ಯಾಕ್ಟರ್ ಕಳಿಸಿದ್ದ ಪಟ್ಟಿ ತೆರೆದು ಓದಿದರು: ‘ಹೆಸರು, ಬಾಲಮ್ಮ. ಕ್ಯಾಟಗರಿ, ಅನ್‌ಸ್ಕಿಲ್ಡ್.’ ಆ ಕಾಲಂ ತಿದ್ದಲು ನಮಗೆ ಅಧಿಕಾರವಿಲ್ಲವಂತೆ. ಆಗಲಿ. ಆದರೆ ಆ ಕೋಣೆಯಲ್ಲಿ ಎಂಜಿನಿಯರುಗಳಿದ್ದರು, ಆಡಿಟರ್ ಇದ್ದರು, ನಿವೃತ್ತ ಅಧಿಕಾರಿ ಇದ್ದರು, ನಾನಿದ್ದೆ. ಮನೆ ಮುಂದಿನ ಹನ್ನೊಂದು ಗಿಡಗಳಲ್ಲಿ ಒಂದನ್ನೂ ಆಕೆ ಹೇಳುವವರೆಗೆ ಗುರುತಿಸದ ನಮ್ಮ ಹೆಸರಿನ ಮುಂದೆ ಯಾವ ಕ್ಯಾಟಗರಿ ಬರೆಯೋಣ?